ಗೋಲಿಲ್ಲದ ತೊಂಬತ್ತು ನಿಮಿಷ

ಪುಟ್ಟಿ,

ನೀನು ಕಾರ್ಡಿಫ್‌ನಲ್ಲಿ ಯೂನಿವರ್ಸಿಟಿಯ ರಗ್ಬಿ ತಂಡ ಸೇರಿದ್ದು ಸಂತೋಷವೇ. ಆದರೆ ಆ ಮೆಸೇಜಿನ ಕೊನೆಯಲ್ಲಿ ಬರೆದಿದ್ದೀಯಲ್ಲ, "ಇದನ್ನು ಆಡಿದ ಮೇಲೆ ಫುಟ್‌ಬಾಲ್ ನೋಡೋಕೆ ಬೋರು ಅಮ್ಮ, ತೊಂಬತ್ತು ನಿಮಿಷ ಅತ್ತಿಂದಿತ್ತ ಓಡ್ತಾರೆ, ಒಂದು ಗೋಲೂ ಇರಲ್ಲ, ಮುಟ್ಟಿದರೆ ಬಿದ್ದು ಹೊರಳಾಡ್ತಾರೆ" ಅಂತ, ಅದು ನನ್ನನ್ನು ಕೆಣಕಿಬಿಟ್ಟಿತು. ನಿಮ್ಮಪ್ಪ ಓದಿ "ಭಲೇ ಮಗಳೇ" ಅಂದರು. ಕಬಡ್ಡಿ ಬಿಟ್ಟರೆ ಲೋಕದಲ್ಲಿ ಬೇರೆ ಆಟವೇ ಇಲ್ಲ ಅಂತ ನಂಬಿರೋ ಮನುಷ್ಯ, ಅವರ ಮಾತು ಬಿಡು. ನೀನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ತಾತನ ಪಕ್ಕ ಕೂತು ಕಡಲೆಕಾಯಿ ಸುಲಿದುಕೊಂಡು ಬೆಳೆದವಳು. ನಿನಗೆ ಫೋನಿನಲ್ಲಿ ಎರಡು ಮಾತು ಅಂದು ಮುಗಿಸುವ ಹಾಗಿಲ್ಲ.

ಮೊದಲು ಹೊರಳಾಟದ ವಿಷಯ. ಒಪ್ಪಿದೆ. 2002ರ ವಿಶ್ವಕಪ್‌ನಲ್ಲಿ ಟರ್ಕಿಯವನು ಒದ್ದ ಚೆಂಡು ಬ್ರೆಜಿಲ್‌ನ ರಿವಾಲ್ಡೊನ ತೊಡೆಗೆ ಬಡಿದರೆ, ಆತ ಮುಖ ಹಿಡಿದುಕೊಂಡು ನೆಲಕ್ಕೆ ಉರುಳಿದ. ನಮ್ಮ ಬಯಲಾಟದಲ್ಲಿ ದುಶ್ಯಾಸನ ಕೂಡ ಅಷ್ಟು ಚೆನ್ನಾಗಿ ಬೀಳುವುದಿಲ್ಲ. ಟರ್ಕಿಯವನು ಕೆಂಪು ಕಾರ್ಡು ನೋಡಿ ಹೊರಗೆ ಹೋದ, ರಿವಾಲ್ಡೊಗೆ ಆಮೇಲೆ ದಂಡ ಬಿತ್ತು.

ಆದರೆ ನಾಟಕ ಬರೋದು ಫುಟ್‌ಬಾಲಿನವರಿಗೆ ಮಾತ್ರ ಅಂದುಕೊಂಡಿದ್ದರೆ ನಿನ್ನ ತಂಡದ ಹಿರಿಯರನ್ನು ಹಾರ್ಲೆಕ್ವಿನ್ಸ್ ಅನ್ನೋ ಲಂಡನ್ನಿನ ರಗ್ಬಿ ಕ್ಲಬ್ಬಿನ 2009ರ ಕತೆ ಕೇಳು. ಯೂರೋಪಿನ ಕ್ಲಬ್ಬುಗಳ ಹೈನೆಕೆನ್ ಕಪ್ ಕ್ವಾರ್ಟರ್ ಫೈನಲ್, ಐರ್ಲೆಂಡಿನ ಲೆನ್‌ಸ್ಟರ್ ಎದುರು 5–6ರಿಂದ ಹಿಂದಿದ್ದಾರೆ, ಸಮಯ ಮುಗಿಯುತ್ತಾ ಬಂದಿದೆ. ಹೊರಗೆ ಹೋಗಿದ್ದ ಒಳ್ಳೆಯ ಕಿಕ್ಕರ್ ಮತ್ತೆ ಒಳಗೆ ಬರಬೇಕು. ಅದಕ್ಕೆ ಇನ್ನೊಬ್ಬನಿಗೆ ರಕ್ತ ಬರುವ ಗಾಯ ಆಗಿರಬೇಕು. ಟಾಮ್ ವಿಲಿಯಮ್ಸ್ ಅನ್ನುವವನು ನಕಲಿ ರಕ್ತದ ಕ್ಯಾಪ್ಸೂಲ್ ಕಚ್ಚಿ, ಬಾಯಿಂದ ಕೆಂಪು ಸುರಿಸಿಕೊಂಡು ಹೊರಗೆ ನಡೆದ. ಹೋಗುವಾಗ ಕಣ್ಣು ಮಿಟುಕಿಸಿದ್ದು ಟಿವಿಯಲ್ಲಿ ಬಂತು. ಗುಟ್ಟು ರಟ್ಟಾಗದಿರಲಿ ಅಂತ ಡ್ರೆಸಿಂಗ್ ರೂಮಿನಲ್ಲಿ ತಂಡದ ಡಾಕ್ಟರು ಅವನ ತುಟಿಯನ್ನು ನಿಜವಾಗಿಯೇ ಕೊಯ್ದರು! ಇಷ್ಟೆಲ್ಲ ಮಾಡಿಯೂ ಸೋತರು. ತಂಡದ ಹೊಣೆ ಹೊತ್ತಿದ್ದ ಡೀನ್ ರಿಚರ್ಡ್ಸ್‌ಗೆ ಮೂರು ವರ್ಷ ನಿಷೇಧ. ರಿವಾಲ್ಡೊ ಪಾಪ, ಒಬ್ಬನೇ ನಟಿಸಿದ್ದ.

ನಿಮ್ಮವರ ಒಂದು ಗುಣಕ್ಕೆ ಮಾತ್ರ ಕೈಮುಗಿಯುತ್ತೇನೆ. ನೂರು ಕೇಜಿ ಮೀರಿದ ಆಳುಗಳು ರೆಫ್ರಿ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾರೆ, ಮಾತಾಡುವುದಿದ್ದರೆ ಕ್ಯಾಪ್ಟನ್ ಮಾತಾಡುತ್ತಾನೆ. ನಮ್ಮವರು ರೆಫ್ರಿಯನ್ನು ಮುತ್ತಿಗೆ ಹಾಕಿ ಕಿರುಚುವಾಗ ನಾನು ಟಿವಿ ಸೌಂಡು ಕಡಿಮೆ ಮಾಡುತ್ತೇನೆ.

ಇನ್ನು ಈ "ಬೋರು" ಅನ್ನುವ ದೂರು ಆಟದಷ್ಟೇ ಹಳೆಯದು. 1863ರಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಕ್ಲಬ್ಬಿನವರೆಲ್ಲ ಸೇರಿ ಫುಟ್‌ಬಾಲಿಗೆ ನಿಯಮ ಬರೆಯೋಕೆ ಕೂತಾಗ ಜಗಳ ಹತ್ತಿದ್ದು ಯಾವುದಕ್ಕೆ ಗೊತ್ತಾ? ಎದುರಾಳಿಯ ಮೊಣಕಾಲ ಕೆಳಗಿನ ಮೂಳೆಗೆ ಬೂಟಿನಿಂದ ಒದೆಯುವ ಹಕ್ಕಿಗೆ. ಅದನ್ನು ತೆಗೆದರೆ ಆಟದ ಗಂಡಸುತನವೇ ಹೋಗುತ್ತೆ, ಒಂದು ವಾರ ಪ್ರಾಕ್ಟೀಸ್ ಮಾಡಿಸಿದ ಫ್ರೆಂಚರನ್ನು ತಂದು ನಿಮ್ಮನ್ನು ಸೋಲಿಸಿ ತೋರಿಸುತ್ತೇನೆ ಅಂತ ಬ್ಲ್ಯಾಕ್‌ಹೀತ್ ಕ್ಲಬ್ಬಿನ ಕ್ಯಾಂಪ್‌ಬೆಲ್ ಎದ್ದು ವಾದಿಸಿದ. ಮಾತು ನಡೆಯಲಿಲ್ಲ, ಅವರು ಸಂಘ ಬಿಟ್ಟು ಹೊರನಡೆದರು. 1871ರಲ್ಲಿ ರಗ್ಬಿಯ ಒಕ್ಕೂಟ ಹುಟ್ಟಿದಾಗ ಅದರಲ್ಲಿ ಈ ಬ್ಲ್ಯಾಕ್‌ಹೀತಿನವರೂ ಇದ್ದರು. ಆ ಒಕ್ಕೂಟ ತನ್ನ ನಿಯಮದಲ್ಲಿ ಆ ಒದೆತವನ್ನೇ ಕಿತ್ತುಹಾಕಿತು! ಇದ್ದ ಒರಟುತನವನ್ನು ಒಂದೊಂದಾಗಿ ಕಳಚುತ್ತಾ ಬಂದೇ ರಗ್ಬಿ ಈಗ ನೀನು ಆಡುತ್ತಿರುವ ಆಟ ಆಗಿದೆ. ಕುತ್ತಿಗೆಗೆ ಕೈ ಹಾಕಿದರೆ ಇವತ್ತು ಕಾರ್ಡು ಬೀಳುತ್ತಲ್ಲ.

ಮರುವರ್ಷ, 1872ರಲ್ಲಿ, ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಫುಟ್‌ಬಾಲಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ ಆಯಿತು. ಫಲಿತಾಂಶ 0–0. ನಗು, ನಗು. ನಾನೂ ನಕ್ಕೆ.

ಈಗ ಗೋಲಿನ ಲೆಕ್ಕಕ್ಕೆ ಬರೋಣ, ನನ್ನ ನಿಜವಾದ ತಕರಾರು ಇರೋದು ಅಲ್ಲಿ. ಗೋಲು ಕಡಿಮೆ ಅನ್ನೋದನ್ನು ನೀನು ಕುಂದು ಅನ್ನುತ್ತೀಯ. ಆ ಕೊರತೆಯೇ ಬಡ ತಂಡದ ಬಂಡವಾಳ ಕಣೆ. ರಗ್ಬಿಯಲ್ಲಿ ಚೆಂಡನ್ನು ಎದುರಾಳಿಯ ಗೋಲುಗೆರೆಯಾಚೆ ನೆಲಕ್ಕೆ ಒತ್ತುವ ಟ್ರೈಗೆ ಐದು, ಅದರ ಮೇಲಿನ ಕಿಕ್‌ಗೆ ಎರಡು, ಪೆನಾಲ್ಟಿಗೆ ಮೂರು ಪಾಯಿಂಟು. 80 ನಿಮಿಷದಲ್ಲಿ ಲೆಕ್ಕ ಬೆಳೆಯುತ್ತಾ ಹೋಗುತ್ತೆ, ಬಲಶಾಲಿ ಯಾರು ಅನ್ನೋದು ಬಯಲಾಗದೆ ಇರೋದಿಲ್ಲ. 2025ರ ಮಾರ್ಚ್‌ನಲ್ಲಿ ನಿನ್ನ ಊರಿನ ಅದೇ ಟ್ಯಾಫ್ ನದಿ ದಂಡೆಯ ಸ್ಟೇಡಿಯಂನಲ್ಲಿ ಇಂಗ್ಲೆಂಡ್ ವೇಲ್ಸನ್ನು 68–14ರಿಂದ ಬಡಿಯಿತು. ವೇಲ್ಸಿನವರಿಗೆ ರಗ್ಬಿ ಅಂದರೆ ಮನೆದೇವರು, ಮೈದಾನ ಅವರದ್ದೇ, ಹಾಡುವವರೂ ಅವರೇ. ಆದರೂ ತಂಡ ಬಡವಾದ ಮೇಲೆ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಸಿಗಲಿಲ್ಲ. ಕೊನೆಯ ಅರ್ಧ ಗಂಟೆ ನೋಡುವುದರಲ್ಲಿ ಏನು ರೋಮಾಂಚನ ಇತ್ತು, ನೀನೇ ಹೇಳು.

ಅದರ ಪಕ್ಕದಲ್ಲಿ 2022ರ ನವೆಂಬರ್ 22 ಇಟ್ಟು ನೋಡು. ಕತಾರಿನ ಲುಸೈಲ್‌ನಲ್ಲಿ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ. ಹತ್ತನೇ ನಿಮಿಷಕ್ಕೇ ಮೆಸ್ಸಿ ಪೆನಾಲ್ಟಿ ಹೊಡೆದ. ಆಮೇಲೆ ವಿರಾಮದೊಳಗೆ ಅರ್ಜೆಂಟೀನಾ ಇನ್ನೂ ಮೂರು ಸಲ ಚೆಂಡನ್ನು ಬಲೆಗೆ ಹಾಕಿತು, ಮೂರೂ ಆಫ್‌ಸೈಡ್, ಅಂದರೆ ಪಾಸ್ ಹೊರಟ ಗಳಿಗೆಯಲ್ಲೇ ಡಿಫೆಂಡರ್‌ಗಳ ಸಾಲು ದಾಟಿ ನಿಂತಿದ್ದರು, ಗೋಲು ಲೆಕ್ಕಕ್ಕಿಲ್ಲ. ಅದೃಷ್ಟ ಅನ್ನಬೇಡ. ಸೌದಿಯ ಕೋಚ್ ಎರ್ವೆ ರೆನಾರ್ ತನ್ನ ಡಿಫೆಂಡರ್‌ಗಳನ್ನು ಗೋಲಿನ ಮುಂದೆ ಗುಂಪುಗೂಡಿಸದೆ ಮೈದಾನದ ನಡುಗೆರೆ ಹತ್ತಿರ ತಂದು ನಿಲ್ಲಿಸಿದ್ದ. ಅವರ ಬೆನ್ನ ಹಿಂದೆ ಗೋಲ್‌ಕೀಪರ್ ತನಕ ಬರೀ ಖಾಲಿ ಹುಲ್ಲು. ಪಾಸ್ ಕೊಡುವವನು ತಲೆ ಎತ್ತಿದನೋ, ಸಾಲಿಗೆ ಸಾಲೇ ಒಂದು ಹೆಜ್ಜೆ ಮುಂದೆ. ಒಬ್ಬನ ಕಾಲು ಅರೆಕ್ಷಣ ಹಿಂದೆ ಉಳಿದರೂ ಕತೆ ಮುಗಿಯಿತು. ಎದುರಿಗಿರೋದು ಮೆಸ್ಸಿ, ಮೂವತ್ತಾರು ಪಂದ್ಯ ಸೋಲದೆ ಬಂದ ತಂಡ. ನೀನು ಬಯಸುವ ಡಿಕ್ಕಿ ಒಂದೂ ಇಲ್ಲ, ಆದರೆ ನಾನು ಸೋಫಾದ ತುದಿಯಲ್ಲಿ ಕೂತಿದ್ದೆ, ಒಲೆ ಮೇಲಿದ್ದ ಬೇಳೆ ತಳ ಹಿಡಿಯಿತು. ವಿರಾಮ ಮುಗಿದು ಹತ್ತು ನಿಮಿಷದೊಳಗೆ ಅಲ್ ಶಹ್ರಿ ಒಂದು, ಅಲ್ ದೌಸರಿ ಒಂದು. 2–1. ಉಳಿದ ಹೊತ್ತೆಲ್ಲ ಅದನ್ನು ಕಾಪಾಡಿಕೊಂಡದ್ದೇ ಆಟ. ಮಾರನೇ ದಿನ ಸೌದಿಯಲ್ಲಿ ದೇಶಕ್ಕೇ ರಜೆ ಕೊಟ್ಟರು. ಗೋಲಿಗೆ ಐದೈದು ಪಾಯಿಂಟ್ ಸುರಿಯುವ ಆಟವಾಗಿದ್ದರೆ ಆ ಎರಡು ಗಳಿಗೆ ಎಲ್ಲಿ ಉಳಿಯುತ್ತಿದ್ದವು?

ಹೌದು, ಸೌದಿ ಕೊನೆಗೆ ಗುಂಪಿನಲ್ಲಿ ತಳಕ್ಕೆ ಹೋಯಿತು, ಕಪ್ಪು ಗೆದ್ದಿದ್ದು ಅರ್ಜೆಂಟೀನಾನೇ. 1930ರಿಂದ 2022ರವರೆಗೆ ಎಂಟೇ ದೇಶಗಳು ಕಪ್ಪು ಎತ್ತಿವೆ, ಅದನ್ನು ನಾನು ಮುಚ್ಚಿಡುವುದಿಲ್ಲ. ರಗ್ಬಿಯಲ್ಲಿ 1987ರಿಂದ ನಾಲ್ಕೇ. ನೀನು 2015ರಲ್ಲಿ ಬ್ರೈಟನ್‌ನಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು 34–32ರಿಂದ ಸೋಲಿಸಿದ್ದನ್ನು ಎತ್ತುತ್ತೀಯ ಅಂತಲೂ ಗೊತ್ತು. ಕಿಕ್ ಹೊಡೆದು ಸಮ ಮಾಡಿಕೊಳ್ಳಬಹುದಾಗಿದ್ದ ಪೆನಾಲ್ಟಿಯನ್ನು ಬೇಡ ಅಂದು ಗೆಲುವಿಗೇ ನುಗ್ಗಿದರಲ್ಲ, ನೋಡಿ ನನಗೂ ಕಣ್ಣು ತುಂಬಿತು. ಆದರೆ ಅಂಥದ್ದನ್ನು ನಿಮ್ಮವರು ಹತ್ತು ವರ್ಷವಾದರೂ ಹೇಳಿಕೊಂಡು ತಿರುಗುತ್ತಿದ್ದೀರಿ ಅಂದರೆ ಅದು ಎಷ್ಟು ಅಪರೂಪ ಅಂತ ತಿಳಿಯುತ್ತೆ.

ವೇಲ್ಸಿನಲ್ಲೇ ಇದ್ದು ನೀನು ಫುಟ್‌ಬಾಲ್ ಬೋರು ಅನ್ನೋದು ನನಗೆ ಇನ್ನೂ ವಿಚಿತ್ರ. ಹತ್ತಿರ ಹತ್ತಿರ ನಮ್ಮ ಮೈಸೂರು ಜಿಲ್ಲೆಯಷ್ಟು ಜನ ಇರುವ ನಾಡು ಅದು. 2016ರ ಯೂರೋ ಕಪ್‌ನಲ್ಲಿ ಬೆಲ್ಜಿಯಂ ಅನ್ನು 3–1ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ಎರಡನೇ ಗೋಲು ಹುಡುಕಿ ನೋಡು. ಹ್ಯಾಲ್ ರಾಬ್ಸನ್ ಕಾನು, ಆ ಹೊತ್ತಿಗೆ ಕೈಯಲ್ಲಿ ಕ್ಲಬ್ಬೇ ಇಲ್ಲದ ಆಟಗಾರ. ಸುತ್ತ ಬೆಲ್ಜಿಯಂನವರು. ಪಾಸ್ ಕೊಡುವವನ ಹಾಗೆ ಕಾಲು ಬೀಸಿ, ಚೆಂಡನ್ನು ತನ್ನ ಕಾಲಿನ ಹಿಂದೆ ಎಳೆದುಕೊಂಡು ಗಕ್ಕನೆ ತಿರುಗಿದ. ಅವರೆಲ್ಲ ಪಾಸ್ ಹೋಗಬೇಕಾಗಿದ್ದ ಕಡೆಗೆ ಜಾರಿಹೋದರು, ಮುಂದೆ ಗೋಲ್‌ಕೀಪರ್ ಒಬ್ಬನೇ. ಅದಕ್ಕೂ ಹಿಂದೆ 1958ರಲ್ಲಿ ಇದೇ ವೇಲ್ಸ್ ವಿಶ್ವಕಪ್ ಕ್ವಾರ್ಟರ್ ಫೈನಲ್ ತನಕ ಹೋಗಿ ಬ್ರೆಜಿಲ್‌ಗೆ 1–0ರಿಂದ ಸೋತಿತ್ತು. ಆ ಒಂದು ಗೋಲು ಹೊಡೆದವನು ಹದಿನೇಳು ವರ್ಷದ ಪೆಲೆ, ವಿಶ್ವಕಪ್‌ನಲ್ಲಿ ಅವನ ಮೊದಲ ಗೋಲು ಅದು. ನಮ್ಮ ಗೌತಮಪುರದಲ್ಲಿ ಅವನ ಪ್ರತಿಮೆ ನೋಡಿದ್ದೀಯಲ್ಲ. ಅಲ್ಲಿ ಮುದುಕರು ಯಾರಾದರೂ ಸಿಕ್ಕಿದಾಗ ಈ ಕತೆ ಕೇಳಿದರೆ ನಿನಗೆ ಫುಟ್‌ಬಾಲ್ ಬೋರು ಅಂತ ಹೇಳೋ ಧೈರ್ಯ ಬರಲ್ಲ.

ಬೋರು ಹೊಡೆಸುವ ಫುಟ್‌ಬಾಲ್ ಇಲ್ಲವೇ ಇಲ್ಲ ಅನ್ನುತ್ತಿಲ್ಲ. 1982ರಲ್ಲಿ ಸ್ಪೇನಿನ ಹಿಹೊನ್‌ನಲ್ಲಿ ಪಶ್ಚಿಮ ಜರ್ಮನಿ ಹತ್ತನೇ ನಿಮಿಷಕ್ಕೆ ಒಂದು ಗೋಲು ಹೊಡೆಯಿತು. 1–0 ಆದರೆ ತಾವೂ ಆಸ್ಟ್ರಿಯಾದವರೂ ಇಬ್ಬರೂ ಮುಂದಿನ ಸುತ್ತಿಗೆ, ಅಲ್ಜೀರಿಯಾ ಮನೆಗೆ. ಆಮೇಲೆ ಇಬ್ಬರೂ ಚೆಂಡನ್ನು ತಮ್ಮತಮ್ಮಲ್ಲೇ ತಳ್ಳಿಕೊಂಡು ಕಾಲ ಕಳೆದರು. ಅದು ಬೋರಾಗಿದ್ದು ಹೊಡೆದಾಟ ಕಡಿಮೆ ಇದ್ದುದರಿಂದ ಅಲ್ಲ. ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ. ಆಸೆ ಇದ್ದರೆ 0–0 ಕೂಡ ಉಸಿರು ಬಿಗಿ ಹಿಡಿಸುತ್ತೆ. 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ವಿದಾಯ ಅಂತ ಆಡಿದ ಕುವೈತ್ ಪಂದ್ಯ ನೆನಪಿದೆಯಾ? ಕೊನೆ ತನಕ ಗೋಲಿಲ್ಲ. ನೀನೇ ಮೊದಲು ಅತ್ತಿದ್ದು.

ಹಾಗಂತ ನೀನು ರಗ್ಬಿ ಬಿಡು ಅಂದೆನಾ? ಇಲ್ಲವೇ ಇಲ್ಲ. ನನ್ನ ಕಾಲಕ್ಕೆ ನಮ್ಮ ಬೀದಿಯಲ್ಲಿ ಹುಡುಗಿಯರಿಗೆ ಇದ್ದ ಕೆಲಸ ಚರಂಡಿಗೆ ಬಿದ್ದ ಚೆಂಡು ತೆಗೆದುಕೊಡೋದು. ಇಂಗ್ಲೆಂಡಿನಲ್ಲೂ 1920ರ ಡಿಸೆಂಬರ್‌ನಲ್ಲಿ ಹೆಂಗಸರ ಫುಟ್‌ಬಾಲ್ ನೋಡೋಕೆ ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿಗೆ 53,000 ಜನ ಬಂದದ್ದೇ ತಡ, ಮರುವರ್ಷ ಅಲ್ಲಿನ ಸಂಘ ತನ್ನ ಮೈದಾನಗಳಲ್ಲಿ ಹೆಂಗಸರು ಆಡಕೂಡದು ಅಂತ ಬಾಗಿಲು ಹಾಕಿತು. ಅರ್ಧ ಶತಮಾನ ಹಾಗೇ ಇತ್ತು. 2025ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಹೆಂಗಸರ ರಗ್ಬಿ ವಿಶ್ವಕಪ್ ಫೈನಲ್‌ಗೆ 81,885 ಜನ ಅಂತ ಓದಿದಾಗ ನಿನ್ನ ನೆನಪೇ ಬಂತು.

ಹೆದರಿಕೆ ಇರೋದು ತಲೆಯ ಬಗ್ಗೆ. 2003ರಲ್ಲಿ ಇಂಗ್ಲೆಂಡಿಗೆ ರಗ್ಬಿ ವಿಶ್ವಕಪ್ ಗೆದ್ದುಕೊಟ್ಟ ತಂಡದ ಸ್ಟೀವ್ ಥಾಂಪ್ಸನ್, ಆ ಗೆಲುವೇ ತನಗೆ ನೆನಪಿಲ್ಲ ಅಂತ 42ನೇ ವಯಸ್ಸಿನಲ್ಲಿ ಹೇಳಿಕೊಂಡರು. ಮರೆವಿನ ಕಾಯಿಲೆ. ಫುಟ್‌ಬಾಲ್ ಇದಕ್ಕೆ ಹೊರತು ಅನ್ನಲಾರೆ: ತಲೆಯಿಂದ ಚೆಂಡು ಹೊಡೆಯೋದರಲ್ಲಿ ಹೆಸರಾಗಿದ್ದ ಜೆಫ್ ಆಸಲ್ 2002ರಲ್ಲಿ ತೀರಿಕೊಂಡಾಗ, ಅದು ಕಸುಬಿನಿಂದ ಬಂದ ಕಾಯಿಲೆ ಅಂತಲೇ ವಿಚಾರಣೆಯಲ್ಲಿ ತೀರ್ಪಾಯಿತು. ತಲೆಗೆ ಪೆಟ್ಟು ಬಿದ್ದು ಒಂದು ಕ್ಷಣ ಮಂಕು ಕವಿದರೂ ಹೊರಗೆ ಬಂದುಬಿಡು. ಪಂದ್ಯ ಯಾವುದೇ ಇರಲಿ, ಸ್ಕೋರು ಎಷ್ಟೇ ಇರಲಿ, ಕೋಚ್ ಏನೇ ಅನ್ನಲಿ. ಟ್ಯಾಕಲ್ ಮಾಡುವಾಗ ತಲೆ ಯಾವ ಕಡೆ ಇಡಬೇಕು ಅಂತ ಮೊದಲು ಕಲಿಸಿದ್ದಾರಾ? ಬಾಯಿಗೆ ಹಾಕೋ ಗಾರ್ಡನ್ನು ಅಂಗಡಿಯಲ್ಲಿ ಸಿಕ್ಕಿದ್ದು ತಗೋಬೇಡ, ಹಲ್ಲಿನ ಡಾಕ್ಟರ ಹತ್ತಿರ ಅಳತೆ ಕೊಟ್ಟು ಮಾಡಿಸಿಕೋ. ದುಡ್ಡು ನಿಮ್ಮಪ್ಪ ಹಾಕುತ್ತಾರೆ, ಭಲೇ ಅಂದವರು ಅವರೇ ತಾನೆ.

ವೇಲ್ಸ್ ಫುಟ್‌ಬಾಲ್ ತಂಡ ಕಾರ್ಡಿಫ್‌ನಲ್ಲಿ ಮುಂದಿನ ಸಲ ಆಡುವಾಗ ಒಂದು ಟಿಕೆಟ್ ತಗೊಂಡು ಗೋಲಿನ ಹಿಂದಿನ ಸೀಟಿನಲ್ಲಿ ಕೂತು ನೋಡು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ, ಡಿಫೆಂಡರ್‌ಗಳ ಸಾಲು ಏಳುವುದು, ಇಳಿಯುವುದು ಅಲ್ಲಿಂದ ಮಾತ್ರ ಕಾಣುತ್ತೆ. ಬದಲಿಗೆ ನಾನು ನಿಮ್ಮಪ್ಪನ ಜೊತೆ ಕೂತು ಒಂದು ರಗ್ಬಿ ಪಂದ್ಯ ಪೂರ್ತಿ ನೋಡುತ್ತೇನೆ. ಹೋದ ವಾರ ಶುರು ಮಾಡಿ ಅರ್ಧಕ್ಕೆ ಬಿಟ್ಟೆವು: ಎರಡೂ ತಂಡದವರು ತಲೆ ತಗ್ಗಿಸಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡೋಕೆ ಸ್ಕ್ರಮ್ ಕಟ್ಟುತ್ತಾರೆ, ಕುಸಿಯುತ್ತೆ, ಮತ್ತೆ ಕಟ್ಟುತ್ತಾರೆ, ಮತ್ತೆ ಕುಸಿಯುತ್ತೆ, ರೆಫ್ರಿ ಯಾರ ಕಡೆಗೋ ಕೈ ತೋರಿಸುತ್ತಾನೆ. ಬೀಳಿಸಿದ್ದು ಯಾರು ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ? ಅವನಿಗೂ ಗೊತ್ತಾಗಲ್ಲ, ಸುಮ್ಮನೆ ಕೈ ಎತ್ತುತ್ತಾನೆ ಅಂತ ನಿಮ್ಮಪ್ಪ. ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ
ಅಮ್ಮ