ಬಾಣ ತಗುಲಿದ ಜಿಂಕೆಯನ್ನು ಹುಡುಕುವಾಗ

ಎಲ್ಲರಿಗೂ ನಮಸ್ಕಾರ. ಶನಿವಾರ ಬಿಲ್ಲು ಹಿಡಿದು ಬೇಟೆಗೆ ಹೊರಡುವವರೆಲ್ಲ ದಯವಿಟ್ಟು ಓದಿ.

ಬಾಣ ತಗುಲಿದ ತಕ್ಷಣ ಹಿಂದೆ ಓಡಬೇಡಿ. ಜಿಂಕೆ ನಿಂತಿದ್ದ ಜಾಗ, ಮರೆಯಾದ ಜಾಗ ಎರಡನ್ನೂ ಗುರುತಿಟ್ಟುಕೊಳ್ಳಿ. ಆಮೇಲೆ ಸದ್ದಿಲ್ಲದೆ ಹೋಗಿ ಬಾಣ ನೋಡಿ. ನೊರೆನೊರೆಯಾದ ತಿಳಿಗೆಂಪು ರಕ್ತ ಇದ್ದರೆ ಬಾಣ ತಗುಲಿದ್ದು ಶ್ವಾಸಕೋಶಕ್ಕೆ, ಹುಡುಕಲು ಹೊರಡುವ ಮುಂಚೆ ಅರ್ಧ ಗಂಟೆ ಕಾದರೆ ಸಾಕು. ಕಪ್ಪುಗೆಂಪು ಇದ್ದರೆ ಲಿವರ್, 4 ಗಂಟೆ. ಬಾಣಕ್ಕೆ ಹಸಿರು ಅಂಟು, ಕೆಟ್ಟ ವಾಸನೆ ಇದ್ದರೆ ಕರುಳು, 8ರಿಂದ 12 ಗಂಟೆ ಬೇಕು. ಇಲ್ಲೇ ಜಾಸ್ತಿ ಆತುರವಾಗೋದು. ಮಲಗಿದ ಪ್ರಾಣಿಯನ್ನು ಎಬ್ಬಿಸಿದರೆ ಅದು ನರಳುತ್ತಾ ದೂರ ಹೋಗುತ್ತದೆ, ಪಾಪ ಅಲ್ವಾ?

ರಕ್ತದ ಹನಿ ತುಳಿಯದೆ ಪಕ್ಕದಲ್ಲೇ ನಡೆಯಿರಿ. ಕೊನೆಯ ಹನಿ ಕಂಡಲ್ಲಿ ಟೇಪ್ ಕಟ್ಟಿ. ಜಾಡು ಬೇರೆಯವರ ಜಮೀನಿಗೆ ಹೋದರೆ ಮೊದಲು ಅವರನ್ನು ಕೇಳಿ.

ಹುಡುಕಲು ಜೊತೆಗೆ ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.