ಪೆಂಡಾಲ್ ಸೌಂಡಿಗೆ ಕರೆಂಟ್ ಯಾವ ವೈರಿನಲ್ಲಿ ಬರುತ್ತಿದೆ?

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ಬೆಂಗಳೂರಿನ ಬಡಾವಣೆಗಳಲ್ಲಿ ಪೆಂಡಾಲ್, ಆರ್ಕೆಸ್ಟ್ರಾ ತಪ್ಪಿದ್ದಲ್ಲ. ಸೌಂಡ್ ಬುಕ್ ಮಾಡುವ ಸಂಘದವರು ಎಷ್ಟು ವಾಟ್, ಎಷ್ಟು ಬೇಸ್ ಎಂದು ವಿಚಾರಿಸುತ್ತಾರೆ. ಆದರೆ ಕರೆಂಟ್ ಯಾವ ವೈರಿನಲ್ಲಿ ಬರುತ್ತದೆ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಗಟ್ಟಿಯಾಗಿದೆಯೇ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇದೆಯೇ ಎಂದು ವಿಚಾರಿಸುವವರು ಅಪರೂಪ. ಆಂಪ್ಲಿಫೈಯರ್ ಸುಡುವುದಕ್ಕೂ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದಕ್ಕೂ ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ.

ಮೊದಲು ಲೋಡಿನ ಲೆಕ್ಕ. ಹತ್ತು ಸಾವಿರ ವಾಟ್ ಸೌಂಡ್ ಎಂದರೆ ಅಷ್ಟೂ ವಾಟ್ ಸದಾ ಎಳೆಯುತ್ತದೆ ಎಂದಲ್ಲ. ಸಂಗೀತದಲ್ಲಿ ಏರಿಳಿತ ಇರುವುದರಿಂದ ಸರಾಸರಿ ಬಳಕೆಯನ್ನು ಪೂರ್ಣ ಶಕ್ತಿಯ ಎಂಟನೇ ಒಂದು ಭಾಗಕ್ಕೆ ಲೆಕ್ಕ ಹಾಕುವುದು ರೂಢಿ. ತಯಾರಕರ ಮ್ಯಾನ್ಯುಯಲ್‌ಗಳಲ್ಲೂ ಈ ಅಂಕಿ ಸಿಗುತ್ತದೆ. ಕಡಿಮೆ ಕರೆಂಟ್ ವ್ಯರ್ಥ ಮಾಡುವ ಕ್ಲಾಸ್ ಡಿ ಬಗೆಯ ಆಂಪ್ಲಿಫೈಯರ್ ಆದರೆ ನಷ್ಟವೂ ಸೇರಿ ಸುಮಾರು 2000 ವಾಟ್, ಅಂದರೆ 230 ವೋಲ್ಟ್‌ನಲ್ಲಿ 9 ಆಂಪಿಯರ್. ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆಯದಂತೆ ತಡೆಯುವ, ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇಲ್ಲದ ಯಂತ್ರವಾದರೆ 13ರ ಹತ್ತಿರ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಯಂತ್ರಗಳಿಗೆ ಇನ್ನೂ ಜಾಸ್ತಿ. ಡಿಜೆ ಹಾಡುಗಳಲ್ಲಿ ಬಿಡುವೇ ಇರುವುದಿಲ್ಲವಾದ್ದರಿಂದ ಅಲ್ಲಿ ಮೂರನೇ ಒಂದು ಭಾಗ ಹಿಡಿಯಬೇಕು, 20 ಆಂಪಿಯರ್ ದಾಟುತ್ತದೆ. ಹಾಗಾಗಿ ಇಷ್ಟು ಸೌಂಡಿಗೆ 32 ಆಂಪಿಯರ್‌ನ ಪ್ರತ್ಯೇಕ ಲೈನ್ ಬೇಕು. ಪಕ್ಕದ ಅಂಗಡಿಯ ಒಂದು 16 ಆಂಪಿಯರ್ ಸಾಕೆಟ್‌ನಿಂದ ಎಳೆದ ವೈರ್ ಇದಕ್ಕೆ ಸಾಲದು. ಕಂಬಕ್ಕೆ ಕೊಕ್ಕೆ ಹಾಕುವುದಂತೂ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಕಳ್ಳತನ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು.

ವೈರಿನ ದಪ್ಪದಲ್ಲಿ ಉಳಿತಾಯ ಮಾಡುವವರೇ ಹೆಚ್ಚು. 1.5 ಚದರ ಮಿ.ಮೀ. ತಾಮ್ರದ ವೈರನ್ನು 50 ಮೀಟರ್ ಎಳೆದರೆ ಹೋಗಿ ಬರುವ ದಾರಿ 100 ಮೀಟರ್, ರೋಧ ಸುಮಾರು 1.3 ಓಮ್. 15 ಆಂಪಿಯರ್ ಹರಿದರೆ 20 ವೋಲ್ಟ್ ವೈರಿನಲ್ಲೇ ಕರಗುತ್ತದೆ, 300 ವಾಟ್ ಬಿಸಿಯಾಗಿ ಹೋಗುತ್ತದೆ. ಉಳಿದ ವೈರನ್ನು ಸುರುಳಿ ಸುತ್ತಿಯೇ ಬಿಟ್ಟಿದ್ದರೆ ಆ ಬಿಸಿ ಹೊರಹೋಗಲು ದಾರಿಯಿಲ್ಲದೆ ಪಿವಿಸಿ ಮೆತ್ತಗಾಗಿ ಒಳಗೇ ಶಾರ್ಟ್ ಆಗುತ್ತದೆ. ಅದೇ ದೂರಕ್ಕೆ 4 ಚದರ ಮಿ.ಮೀ. ಹಾಕಿದರೆ ಇಳಿಕೆ ಏಳೂವರೆ ವೋಲ್ಟ್ ಮಾತ್ರ. ಬೇಸ್ ಬಡಿದಾಗಲೆಲ್ಲ ಲೈಟ್ ಮಂಕಾಗುತ್ತಿದ್ದರೆ ವೈರ್ ಸಣ್ಣದಿದೆ, ಇಲ್ಲವೇ ಜಾಯಿಂಟ್ ಸಡಿಲವಿದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವುದು ನ್ಯೂಟ್ರಲ್. ಮೂರು ಫೇಸ್ (ಕರೆಂಟ್ ತರುವ ವೈರ್) ತಂದು ಒಂದಕ್ಕೆ ಸೌಂಡ್, ಇನ್ನೊಂದಕ್ಕೆ ಸೀರಿಯಲ್ ಸೆಟ್ ಮತ್ತು ಫೋಕಸ್ ಲೈಟ್ ಹಂಚುತ್ತಾರೆ. ತಿರುಚಿ ಟೇಪ್ ಸುತ್ತಿದ ನ್ಯೂಟ್ರಲ್ ಜಾಯಿಂಟ್ ಕಾರ್ಯಕ್ರಮದ ಮಧ್ಯೆ ಬಿಟ್ಟುಕೊಂಡರೆ ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ಈ ಎರಡು ಲೋಡ್‌ಗಳ ಮೇಲೆ ಬೀಳುತ್ತದೆ. ಕಡಿಮೆ ಎಳೆಯುವ ಕಡೆಗೇ ಹೆಚ್ಚು ವೋಲ್ಟೇಜ್. ನಿರೂಪಕರು ಮಾತಾಡುವಾಗ ಸೌಂಡ್ ಎಳೆಯುವುದು ಕಡಿಮೆ ತಾನೆ? ಆ ಗಳಿಗೆಯಲ್ಲಿ ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡ್ ಎಲ್ಲ ಒಟ್ಟಿಗೆ ಹೋಗುತ್ತವೆ. ಬೋರ್ಡಿನ ಎಂಸಿಬಿ ಸ್ವಿಚ್ ಬೀಳುವುದಿಲ್ಲ, ಏಕೆಂದರೆ ಅದು ಕಾಯುವುದು ಕರೆಂಟನ್ನು, ವೋಲ್ಟೇಜನ್ನಲ್ಲ. ನ್ಯೂಟ್ರಲ್‌ಗೆ ಲಗ್ (ವೈರ್ ತುದಿಯ ಲೋಹದ ಬಳೆ) ಹಾಕಿ ಬೋಲ್ಟ್ ಬಿಗಿಯಬೇಕು, ಫೇಸ್‌ನಷ್ಟೇ ದಪ್ಪದ ವೈರ್ ಇರಬೇಕು, ಅದರಲ್ಲಿ ಫ್ಯೂಸ್ ಇರಬಾರದು. ಯಾವುದನ್ನೂ ಪ್ಲಗ್ ಮಾಡುವ ಮೊದಲು ಮೀಟರ್ ಹಿಡಿದು ಪ್ರತಿ ಫೇಸ್‌ನಿಂದ ನ್ಯೂಟ್ರಲ್‌ಗೆ ಅಳೆಯಿರಿ. ಲೋಡ್ ಹಾಕಿದ ಮೇಲೆ ನ್ಯೂಟ್ರಲ್‌ನಿಂದ ಅರ್ಥ್‌ಗೂ ಅಳೆಯಿರಿ. ಐದು ವೋಲ್ಟ್ ದಾಟಿದರೆ ಜಾಯಿಂಟ್ ಹುಡುಕಿ.

ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತದೆ ಎಂದು ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಅಭ್ಯಾಸ ನಿಲ್ಲಲೇಬೇಕು. ಮೈಕ್‌ನ ಲೋಹದ ಮೈ ಕೇಬಲ್ ಮೂಲಕ ಮಿಕ್ಸರ್‌ನ ಮೈಗೆ ಸೇರಿರುತ್ತದೆ. ಅರ್ಥ್ ಇಲ್ಲದ ಯಂತ್ರದೊಳಗೆ ಫೇಸ್ ಮೈಗೆ ತಗುಲಿದರೆ ಅದು ನೇರ ಹಾಡುವವರ ತುಟಿಗೆ ಬರುತ್ತದೆ. ಮಿಕ್ಸರ್ ಮತ್ತು ಆಂಪ್ಲಿಫೈಯರ್‌ಗೆ ಒಂದೇ ಬೋರ್ಡಿನಿಂದ ಕರೆಂಟ್ ಮತ್ತು ಅರ್ಥ್ ಕೊಟ್ಟರೆ ಗುಂಯ್ ಸದ್ದು ಸಾಮಾನ್ಯವಾಗಿ ಹೋಗುತ್ತದೆ. ಲ್ಯಾಪ್‌ಟಾಪಿನಿಂದ ಬರುತ್ತಿದ್ದರೆ ಮಿಕ್ಸರ್‌ಗೆ ಹೋಗುವ ದಾರಿಯಲ್ಲಿ ಡಿಐ ಬಾಕ್ಸ್ (ಸಿಗ್ನಲ್ ಹೊಂದಿಸುವ ಪೆಟ್ಟಿಗೆ) ಹಾಕಿ, ಸಿಗ್ನಲ್ ಗ್ರೌಂಡ್ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಸಿಗ್ನಲ್ ಕೇಬಲ್‌ನ ಗ್ರೌಂಡ್ ಬಿಡಿಸಬಹುದು, ಪವರ್ ಅರ್ಥ್ ಎಂದಿಗೂ ಬಿಡಿಸಬಾರದು.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕಡ್ಡಾಯವಾಗಲಿ, ಹಬ್ಬದ ದಿನಗಳೇ ಮಳೆಯ ದಿನಗಳು. ಅದು ಪದೇಪದೇ ಬೀಳುತ್ತದೆ ಎಂದು ಬೈಪಾಸ್ ಮಾಡುತ್ತಾರೆ. ಪ್ರತಿ ಆಂಪ್ಲಿಫೈಯರ್‌ನ ಫಿಲ್ಟರ್ ಒಂದೆರಡು ಮಿಲಿಆಂಪಿಯರ್ ಅರ್ಥ್‌ಗೆ ಸೋರುವುದು ಸಹಜ, ಹತ್ತಾರು ಸೇರಿದರೆ ಬೀಳುತ್ತದೆ. ಪರಿಹಾರ ಲೋಡನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚುವುದು. ಜನರೇಟರ್ ಇದ್ದರೆ ಅದರ ನ್ಯೂಟ್ರಲ್ ಅನ್ನು ಜನರೇಟರ್ ಬಳಿಯೇ ಅರ್ಥ್ ರಾಡ್‌ಗೆ ಸೇರಿಸಿ. ಇಲ್ಲದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತೆ.

ಇನ್ನೊಂದು ಮಾತು. ಸ್ಪೀಕರ್ ವೈರಿಗೆ ಮನೆಯ ಮೂರು ಪಿನ್ ಪ್ಲಗ್ ಹಾಕುವವರು ಈಗಲೂ ಇದ್ದಾರೆ. ಕತ್ತಲಲ್ಲಿ ಯಾರೋ ಅದನ್ನು ಸಾಕೆಟ್‌ಗೆ ಚುಚ್ಚಿದರೆ ಕಾಯಿಲ್ ಆ ಕ್ಷಣವೇ ಹೋಗುತ್ತದೆ. ಸ್ಪೀಕರ್ ವೈರಿಗೆಂದೇ ಇರುವ ಸ್ಪೀಕಾನ್ ಕನೆಕ್ಟರ್ ದುಬಾರಿಯೇನಲ್ಲ.

ಗಣೇಶೋತ್ಸವದ ಅನುಮತಿ ಕೊಡುವ ಅಧಿಕಾರಿಗಳಲ್ಲಿ ಒಂದು ಕೋರಿಕೆ. ರಾತ್ರಿ 10ರ ನಿಯಮಕ್ಕೆ ಸಹಿ ಹಾಕಿಸಿಕೊಳ್ಳುವಾಗಲೇ ಇನ್ನೊಂದು ಹಾಳೆಯಲ್ಲಿ ಒಟ್ಟು ಲೋಡ್, ಮುಖ್ಯ ಕೇಬಲ್‌ನ ದಪ್ಪ ಮತ್ತು ಉದ್ದ, ಆರ್‌ಸಿಸಿಬಿ ಎಷ್ಟು, ಅರ್ಥ್ ರಾಡ್ ಎಲ್ಲಿ ಎಂಬುದನ್ನು ಬರೆಸಿಕೊಳ್ಳಲಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಸಹಿ ಕೇಳಲಿ. ಮೊದಲ ದಿನ ಸಂಜೆ ಬೆಸ್ಕಾಂ ಸಿಬ್ಬಂದಿ ಮೀಟರ್ ಹಿಡಿದು ಹತ್ತು ನಿಮಿಷ ನೋಡಿದರೆ ಹಾಳೆಯಲ್ಲಿರುವುದು ನಿಜವೋ ಸುಳ್ಳೋ ತಿಳಿಯುತ್ತದೆ.

ಇತಿ,
ಒಬ್ಬ ಧ್ವನಿ ತಂತ್ರಜ್ಞ
ಚಾಮರಾಜಪೇಟೆ, ಬೆಂಗಳೂರು