ವಿದೇಶದ ಇಂಟರ್ನ್‌ಶಿಪ್: ಜಾಹೀರಾತಿನಲ್ಲಿ ಕಾಣದ ಒಂದು ವರ್ಷ

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶ ಬಂದ ಮರುದಿನದಿಂದ, ಪ್ರತಿ ವರ್ಷದಂತೆ ಈ ಸಲವೂ, ನಿಮ್ಮದೂ ಸೇರಿದಂತೆ ಎಲ್ಲ ಕನ್ನಡ ಪತ್ರಿಕೆಗಳಲ್ಲಿ ‘ವಿದೇಶದಲ್ಲಿ ಎಂಬಿಬಿಎಸ್’ ಜಾಹೀರಾತುಗಳು ಪುಟ ತುಂಬಿಕೊಂಡು ಬರುತ್ತಿವೆ. ಡೊನೇಷನ್ ಇಲ್ಲ, ಇಂಗ್ಲಿಷ್ ಪರೀಕ್ಷೆ ಬೇಕಿಲ್ಲ, ದಕ್ಷಿಣ ಭಾರತದ ಊಟವಿದೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಹಾಸ್ಟೆಲ್ ಇದೆ, ಬ್ಯಾಂಕ್ ಸಾಲಕ್ಕೆ ನೆರವಾಗುತ್ತೇವೆ ಎಂಬ ಸಾಲುಗಳು ಎಲ್ಲದರಲ್ಲೂ ಇವೆ. ಕಳೆದ ಎರಡು ವಾರಗಳ ಜಾಹೀರಾತುಗಳನ್ನು ನಾನು ಕತ್ತರಿಸಿ ಇಟ್ಟುಕೊಂಡು ಓದಿ ನೋಡಿದೆ. ಇಂಟರ್ನ್‌ಶಿಪ್, ಅಂದರೆ ಓದಿನ ಮೇಲೆ ಆಸ್ಪತ್ರೆಯಲ್ಲಿ ಮಾಡಬೇಕಾದ ಕಡ್ಡಾಯ ತರಬೇತಿ, ಎಂಬ ಮಾತು ಸಿಕ್ಕಿದ್ದು ಎರಡರಲ್ಲಿ ಮಾತ್ರ. ಅದೂ ‘5+1’ ಎಂಬ ಅಂಕಿಯ ಕೆಳಗೆ, ಸಣ್ಣ ಅಕ್ಷರದಲ್ಲಿ. ಆ ಒಂದು ವರ್ಷವನ್ನು ವಿದ್ಯಾರ್ಥಿ ಯಾವ ಆಸ್ಪತ್ರೆಯಲ್ಲಿ ಕಳೆಯುತ್ತಾನೆ, ಎಂಥ ರೋಗಿಗಳನ್ನು ನೋಡುತ್ತಾನೆ, ಅವರ ಜತೆ ಯಾವ ಭಾಷೆಯಲ್ಲಿ ಮಾತನಾಡುತ್ತಾನೆ ಎಂಬುದನ್ನು ಒಂದು ಜಾಹೀರಾತೂ ಹೇಳುವುದಿಲ್ಲ. ಈ ಪತ್ರ ಆ ಒಂದು ವರ್ಷದ ಬಗ್ಗೆ.

ನಾನು ರಷ್ಯಾದ ವೈದ್ಯಕೀಯ ವಿಶ್ವವಿದ್ಯಾಲಯವೊಂದರಲ್ಲಿ ಆರು ವರ್ಷ ಓದಿ 2014ರಲ್ಲಿ ಊರಿಗೆ ಮರಳಿದವಳು. ವಿದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲು ಬರೆಯಬೇಕಾದ ಸ್ಕ್ರೀನಿಂಗ್ ಪರೀಕ್ಷೆಯನ್ನು ಎರಡನೆಯ ಯತ್ನದಲ್ಲಿ ಪಾಸಾಗಿ, ಕರ್ನಾಟಕದಲ್ಲಿಯೇ ಒಂದು ವರ್ಷ ಹೌಸ್‌ಸರ್ಜನ್ (ಇಂಟರ್ನ್) ಆಗಿದ್ದು, ಈಗ ಹಾವೇರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಡ್ಡಾಯ ಇಂಟರ್ನ್‌ಶಿಪ್‌ನಲ್ಲಿ ಸಮುದಾಯ ವೈದ್ಯಕೀಯಕ್ಕೆ ಮೀಸಲಾದ 12 ವಾರಗಳ ಪೋಸ್ಟಿಂಗ್‌ನಲ್ಲಿ ನಮ್ಮಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ವಿದೇಶದಲ್ಲಿ ಓದಿ ಬಂದವರೂ ಇರುತ್ತಾರೆ. ಆದ್ದರಿಂದ ಈ ವಿಷಯವನ್ನು ವಿದ್ಯಾರ್ಥಿಯಾಗಿಯೂ, ವಿದ್ಯಾರ್ಥಿಗಳ ಕೆಲಸ ನೋಡುವವಳಾಗಿಯೂ ಕಂಡಿದ್ದೇನೆ.

ನಾವು ಓದುತ್ತಿದ್ದಾಗ ಇದ್ದ ನಿಯಮ ಸಡಿಲವಾಗಿತ್ತು. ಪದವಿ ತಂದು, 300 ಪ್ರಶ್ನೆಗಳ ಆ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ 150 ಅಂಕ ಪಡೆದು, ಇಲ್ಲಿ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದರೆ ನೋಂದಣಿ ಸಿಗುತ್ತಿತ್ತು. 2021ರ ನವೆಂಬರ್ 18ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿಯನ್ನು ಅಧಿಸೂಚಿಸಿದ ಮೇಲೆ ಲೆಕ್ಕ ಬದಲಾಗಿದೆ. ಈಗ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು; ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ಪನ್ನು ಪದವಿ ಕೊಟ್ಟ ಅದೇ ವಿದೇಶಿ ಸಂಸ್ಥೆಯಲ್ಲಿಯೇ ಮುಗಿಸಿರಬೇಕು; ತರಬೇತಿಯ ಯಾವ ಭಾಗವನ್ನೂ ಭಾರತದಲ್ಲಾಗಲಿ ಮೂರನೆಯ ದೇಶದಲ್ಲಾಗಲಿ ಮಾಡುವಂತಿಲ್ಲ; ಆ ದೇಶದ ಪ್ರಜೆಗಳಿಗೆ ಸಮನಾಗಿ ಅಲ್ಲಿ ವೈದ್ಯವೃತ್ತಿ ನಡೆಸುವ ಅರ್ಹತೆ ಆ ಪದವಿಗೆ ಇರಬೇಕು. ಇಷ್ಟೆಲ್ಲ ಆದ ಮೇಲೆ ಇಲ್ಲಿಗೆ ಬಂದು ಮತ್ತೆ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಕೋರ್ಸ್ ಮುಗಿಯಬೇಕೆಂಬ ಗಡುವು ಬೇರೆ ಇದೆ.

ಎರಡೆರಡು ಇಂಟರ್ನ್‌ಶಿಪ್ ಮಾಡಿಸುವುದು ಅನ್ಯಾಯವೆಂದು ಪೋಷಕರು ದೂರುವುದನ್ನು ಕೇಳಿದ್ದೇನೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಹದಿನೆಂಟಕ್ಕೆ ಹೊರಟ ಮಗು ಸ್ವತಂತ್ರವಾಗಿ ಔಷಧ ಚೀಟಿ ಬರೆಯುವ ಹೊತ್ತಿಗೆ ಇಪ್ಪತ್ತಾರೋ ಇಪ್ಪತ್ತೇಳೋ ದಾಟಿರುತ್ತದೆ. ಆದರೂ ಆಯೋಗದ ನಿಯಮ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಹಾಗನ್ನಿಸದಿರುವುದಕ್ಕೆ ನನ್ನದೇ ಅನುಭವ ಕಾರಣ.

ರಷ್ಯಾದ ಪಠ್ಯಕ್ರಮದಲ್ಲಿ ಪ್ರತಿ ಬೇಸಿಗೆಯಲ್ಲೂ ಆಸ್ಪತ್ರೆಯ ಕೆಲಸವಿರುತ್ತದೆ; ಅದಕ್ಕೆ ‘ಪ್ರಾಕ್ತಿಕಾ’ ಎನ್ನುತ್ತಾರೆ. ಮೊದಲ ವರ್ಷ ಮುಗಿದಾಗ ವಾರ್ಡಿನ ಆಯಾಗೆ ಕೈಜೋಡಿಸಬೇಕು, ಆಮೇಲೆ ನರ್ಸಿನ ಸಹಾಯಕಿಯಾಗಬೇಕು, ನಾಲ್ಕನೆಯ ವರ್ಷದ ಬಳಿಕ ವೈದ್ಯರ ಸಹಾಯಕಿಯಾಗಿ ನಿಲ್ಲಬೇಕು. ಹಾಸಿಗೆಯಲ್ಲಿ ಮಲಗಿದ ರೋಗಿಯ ಮಗ್ಗುಲು ಬದಲಿಸುವುದರಿಂದ ವೈದ್ಯಕೀಯ ಆರಂಭವಾಗಬೇಕೆಂಬ ಈ ಕ್ರಮ ಬಹಳ ಒಳ್ಳೆಯದು, ನಮ್ಮಲ್ಲೂ ಇದ್ದಿದ್ದರೆ ಚೆನ್ನಾಗಿತ್ತು. ನಾವು ಮಾಡಿದ್ದೇನು? ಬೇಸಿಗೆ ರಜೆ ಬಂದೊಡನೆ ವಿಮಾನ ಹತ್ತಿ ಊರಿಗೆ ಬರುತ್ತಿದ್ದೆವು. ಪರಿಚಯದ ನರ್ಸಿಂಗ್ ಹೋಮ್‌ನಿಂದ ‘ಇಷ್ಟು ವಾರ ಕೆಲಸ ಮಾಡಿದ್ದಾಳೆ’ ಎಂಬ ಕಾಗದಕ್ಕೆ ಮೊಹರು ಹಾಕಿಸಿಕೊಂಡು ಹೋಗಿ ಡೀನ್ ಕಚೇರಿಗೆ ಕೊಡುತ್ತಿದ್ದೆವು. ನಾನೂ ಎರಡು ಸಲ ಹಾಗೆ ಮಾಡಿದ್ದೇನೆ. ಆ ಎರಡು ಬೇಸಿಗೆಗಳಲ್ಲಿ ನಾನು ರೋಗಿಯೊಬ್ಬರ ನಾಡಿಯನ್ನೂ ಹಿಡಿಯಲಿಲ್ಲ. ತರಬೇತಿಯ ಯಾವ ಭಾಗವೂ ಭಾರತದಲ್ಲಿ ನಡೆಯಕೂಡದು ಎಂಬ ಇಂದಿನ ಷರತ್ತನ್ನು ಓದಿದಾಗ ನನಗೆ ನೆನಪಾಗುವುದು ಆ ಮೊಹರುಗಳೇ.

ಇನ್ನು ಭಾಷೆಯ ವಿಷಯ. ನಮ್ಮ ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು, ನಿಯಮವೂ ಇಂಗ್ಲಿಷ್ ಮಾಧ್ಯಮವನ್ನೇ ಕೇಳುತ್ತದೆ. ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನಾಲ್ಕನೆಯ ವರ್ಷ ಹೃದ್ರೋಗ ವಿಭಾಗದ ಸರದಿಯಲ್ಲಿ ನಾನು ಕಂಠಪಾಠ ಮಾಡಿಕೊಂಡಿದ್ದ ‘ಗ್ದ್ಯೆ ಬಲೀತ್?’, ಅಂದರೆ ಎಲ್ಲಿ ನೋವು ಎಂಬ ಪ್ರಶ್ನೆಯನ್ನು ಅಂಥ ಒಬ್ಬ ಅಜ್ಜಿಗೆ ಕೇಳಿದೆ. ಆಕೆ ನನ್ನ ಕೈಯನ್ನು ತೆಗೆದು ತನ್ನ ಎದೆಯ ನಡುವೆ ಇಟ್ಟುಕೊಂಡು, ‘ದೋಚ್ಕಾ’ ಎಂದು ಮಗಳೇ ಎಂಬಂತೆ ಕರೆದು, ಐದು ನಿಮಿಷ ಮಾತನಾಡಿದಳು. ಎಲ್ಲಿ ಎಂಬುದು ತಿಳಿಯಿತು, ಹೇಗೆ ಎಂಬುದು ತಿಳಿಯಲಿಲ್ಲ. ರಷ್ಯನ್ನರಲ್ಲಿ ಮಂದವಾಗಿ ನೋಯುವುದಕ್ಕೆ ‘ನೋಯೆತ್’, ಚುಚ್ಚುವುದಕ್ಕೆ ‘ಕೋಲೆತ್’, ಭಾರ ಹೇರಿದಂತೆ ಒತ್ತುವುದಕ್ಕೆ ‘ದಾವಿತ್’ ಎಂಬ ಬೇರೆ ಬೇರೆ ಮಾತುಗಳಿವೆ. ಎದೆನೋವಿನ ವಿಷಯದಲ್ಲಿ ಇವುಗಳ ನಡುವಿನ ವ್ಯತ್ಯಾಸವೇ ಅರ್ಧ ರೋಗನಿದಾನ. ನಾನು ಕೇಸ್‌ಶೀಟ್‌ನಲ್ಲಿ ‘ಎದೆನೋವು’ ಎಂದಷ್ಟೇ ಬರೆದೆ. ನಮ್ಮ ಶಿಕ್ಷಕಿ ಅದನ್ನು ಓದಿ, ಏನೂ ಅನ್ನದೆ, ಹಾಳೆಯನ್ನು ನನಗೇ ಹಿಂದಿರುಗಿಸಿದರು. ನನ್ನ ಸಹಪಾಠಿಗಳಲ್ಲಿ ಅಲ್ಲಿ ನಿಜವಾಗಿ ವೈದ್ಯರಾದವರೆಂದರೆ ರಷ್ಯನ್ ಕಲಿತವರು. ವಿಜಯಪುರ ಕಡೆಯ ಒಬ್ಬ ಹುಡುಗ ಸಂಜೆ ಹೊತ್ತು ಸ್ವಯಂಸೇವಕನಾಗಿ ಆಂಬುಲೆನ್ಸ್‌ನಲ್ಲಿ ಓಡಾಡುತ್ತಿದ್ದ. ನಾವೆಲ್ಲ ಕ್ಯಾನುಲಾವನ್ನು ಚಿತ್ರದಲ್ಲಿ ನೋಡುತ್ತಿದ್ದಾಗ ಅವನು ಅಲುಗಾಡುವ ಗಾಡಿಯಲ್ಲಿ, ಚಳಿಗೆ ಸೆಟೆದುಕೊಂಡ ಕೈಗಳಲ್ಲಿ ನರ ಹುಡುಕಿ ಚುಚ್ಚುವುದನ್ನು ಕಲಿತಿದ್ದ.

ಕಳೆದ ಮಳೆಗಾಲದಲ್ಲಿ ನಮ್ಮ ಆಸ್ಪತ್ರೆಯಲ್ಲಿ ನಡೆದದ್ದನ್ನೂ ಹೇಳಬೇಕು. ಜಾರ್ಜಿಯಾದಲ್ಲಿ ಓದಿ, ಅಲ್ಲಿನ 12 ತಿಂಗಳನ್ನೂ ಮುಗಿಸಿ ಬಂದ ಇಂಟರ್ನ್ ಒಬ್ಬರು ಅಂದು ಕ್ಯಾಶುಯಾಲ್ಟಿಯಲ್ಲಿದ್ದರು. ಹೊಲದಿಂದ ಟ್ರ್ಯಾಕ್ಟರಿನಲ್ಲಿ ಕರೆತಂದ ಐವತ್ತೈದರ ಆಸುಪಾಸಿನ ರೈತರೊಬ್ಬರು, ‘ಎದ್ಯಾಗ ನೋವೇನಿಲ್ರೀ, ಜೀಂವಕ್ಕ ಭಾಳ ಸಂಕಟ ಆಗಾಕತ್ತೈತಿ’ ಎಂದು ಹೊಟ್ಟೆಯ ಮೇಲ್ಭಾಗವನ್ನು ಹಿಡಿದುಕೊಂಡಿದ್ದರು. ಬೆಂಗಳೂರಿನಲ್ಲಿ ಬೆಳೆದ ಆ ಇಂಟರ್ನ್ ಇದನ್ನು ಗ್ಯಾಸ್ಟ್ರಿಕ್ ಎಂದು ಬರೆದು ಇಂಜೆಕ್ಷನ್ ಹೇಳಿದರು. ಅಂಗಿ ನೆನೆಯುವಷ್ಟು ಬೆವರುತ್ತಿದ್ದುದನ್ನು ಕಂಡ ಹಿರಿಯ ಸಿಸ್ಟರ್, ‘ಡಾಕ್ಟ್ರೇ, ಒಂದು ಇಸಿಜಿ ತಗೀಲೇನ್ರೀ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ತೆಗೆದೇಬಿಟ್ಟರು. ಹೃದಯದ ಕೆಳಭಾಗದ ಆಘಾತ ಅದು. ಮಾತ್ರೆ ಕೊಟ್ಟು 108ರಲ್ಲಿ ಹುಬ್ಬಳ್ಳಿಗೆ ಕಳಿಸಿದೆವು, ಆ ಮನುಷ್ಯ ಬದುಕಿದರು. ಇಂಟರ್ನ್ ದಡ್ಡರಲ್ಲ, ಹೃದಯಾಘಾತದ ಚಿಕಿತ್ಸೆಯನ್ನು ಕೇಳಿದರೆ ಔಷಧಗಳ ಪ್ರಮಾಣ ಸಮೇತ ಒಪ್ಪಿಸುತ್ತಿದ್ದರು. ಆಮೇಲೆ ಚಹಾ ಕುಡಿಯುತ್ತ ಕೂತಾಗ ಅವರೇ ಹೇಳಿದ ಪ್ರಕಾರ, ಅಲ್ಲಿನ ಇಡೀ ವರ್ಷ ರೋಗಿಗೂ ಅವರಿಗೂ ನಡುವೆ ಸ್ಥಳೀಯ ಸಹಪಾಠಿಯೊಬ್ಬ ಅನುವಾದಕ್ಕೆ ನಿಂತಿರುತ್ತಿದ್ದ. ಲಾಗ್‌ಬುಕ್‌ನಲ್ಲಿ ಮಾತ್ರ ಎಲ್ಲ ವಿಭಾಗಗಳ ಸಹಿಗಳಿದ್ದವು.

ಇದಕ್ಕಾಗಿಯೇ ಇಲ್ಲಿನ 12 ತಿಂಗಳು ಬೇಕು ಎನ್ನುತ್ತೇನೆ. ಸಂಕಟ, ಕಸಿವಿಸಿ, ಜೋಮು, ಸೆಳೆತ, ಹೊಟ್ಟೆ ತೊಳಸುವುದು ಎಂಬ ಮಾತುಗಳನ್ನು ಬಾಯಿಂದ ಕೇಳಿ, ಮುಖ ನೋಡಿ, ಮೈ ಮುಟ್ಟಿ ಅರ್ಥ ಮಾಡಿಕೊಳ್ಳುವುದಕ್ಕೆ ಬೇರೆ ಜಾಗವಿಲ್ಲ. ಅಲ್ಲಿನ 12 ತಿಂಗಳೂ ವ್ಯರ್ಥವಾಗಬೇಕಿಲ್ಲ, ಆದರೆ ಅದಕ್ಕೆ ವಿದ್ಯಾರ್ಥಿ ಅಲ್ಲಿನ ರೋಗಿಯ ಭಾಷೆಯನ್ನು ಮೊದಲ ವರ್ಷದಿಂದಲೇ ಹಟ ಹಿಡಿದು ಕಲಿತಿರಬೇಕು ಮತ್ತು ಸಂಸ್ಥೆಯು ಅವನನ್ನು ರೋಗಿಯ ಹತ್ತಿರ ಬಿಡಬೇಕು. ನಿಯಮದಲ್ಲಿ ‘ಕೈಯಾರೆ ತರಬೇತಿ’ ಎಂಬ ಮಾತಿದೆ. ಅದನ್ನು ಅಳೆಯುವವರು ಯಾರು? ಸ್ಕ್ರೀನಿಂಗ್ ಪರೀಕ್ಷೆಯು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆ. ಅದರಲ್ಲಿ ಹೆಚ್ಚಿನ ಸಲ ಮೂವರಲ್ಲಿ ಒಬ್ಬರೂ ತೇರ್ಗಡೆಯಾಗುವುದಿಲ್ಲವೆಂಬುದು ಒಂದು ಕಡೆಯಾದರೆ, ತೇರ್ಗಡೆಯಾದವರಿಗೆ ಹೊಲಿಗೆ ಹಾಕಲು, ಹೆರಿಗೆ ಮಾಡಿಸಲು ಬರುತ್ತದೆಯೇ ಎಂಬುದನ್ನು ಅದು ಕೇಳುವುದೇ ಇಲ್ಲ.

ಆಸ್ಪತ್ರೆಯ ಆ ವರ್ಷ ಕೈತಪ್ಪಿದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಬೇಕಾಗಿಲ್ಲ. 2022ರ ಮಾರ್ಚ್ 1ರಂದು, ಯುದ್ಧ ನಡೆಯುತ್ತಿದ್ದ ಉಕ್ರೇನ್‌ನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದರು. ಮೂರು ವಾರಗಳ ಬಳಿಕ ಬಂದ ಅವರ ದೇಹವನ್ನು ತಂದೆ ತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ದುರಂತ ನಡೆದ ಮೂರು ದಿನಗಳ ಬಳಿಕ, ಮಾರ್ಚ್ 4ರಂದು, ಕೋವಿಡ್ ಮತ್ತು ಯುದ್ಧದಿಂದ ಇಂಟರ್ನ್‌ಶಿಪ್ ಅರ್ಧಕ್ಕೆ ನಿಂತವರು ಉಳಿದ ಭಾಗವನ್ನು ಭಾರತದಲ್ಲಿ ಮುಗಿಸಬಹುದು ಎಂದು ಆಯೋಗವು ಸುತ್ತೋಲೆ ಹೊರಡಿಸಿತು. ಅಂತಿಮ ವರ್ಷವನ್ನು ಆನ್‌ಲೈನ್‌ನಲ್ಲಿ ಮುಗಿಸಿದವರಿಗೆ ಆ ಜುಲೈನಲ್ಲಿ ಒಂದರ ಬದಲು ಎರಡು ವರ್ಷದ ಇಂಟರ್ನ್‌ಶಿಪ್ ವಿಧಿಸಲಾಯಿತು. ಮನೆಯಲ್ಲಿ ಕೂತು ಪರದೆಯ ಮೇಲೆ ನೋಡಿದ್ದು ವಾರ್ಡಿಗೆ ಸಮವಲ್ಲ ಎಂಬುದು ಆ ಮಕ್ಕಳಿಗೆ ಕಹಿಯಾಗಿತ್ತಾದರೂ ಸುಳ್ಳಾಗಿರಲಿಲ್ಲ.

ಅದೇ ಮಾರ್ಚ್ ಸುತ್ತೋಲೆಯಲ್ಲಿದ್ದ ಎರಡು ಅಂಶಗಳು ಮರಳಿ ಬಂದವರಿಗೆ ತಿಳಿದಿರಬೇಕು. ವಿದೇಶಿ ಪದವೀಧರರಿಂದ ಇಂಟರ್ನ್‌ಶಿಪ್‌ಗೆಂದು ಶುಲ್ಕ ತೆಗೆದುಕೊಳ್ಳುವಂತಿಲ್ಲ, ಇಲ್ಲಿ ಓದಿದವರಿಗೆ ಕೊಡುವಷ್ಟೇ ಸ್ಟೈಪೆಂಡ್ ಅವರಿಗೂ ಕೊಡಬೇಕು. ಹಾಗಿದ್ದೂ ನಮ್ಮಲ್ಲಿಗೆ ಬಂದ ಕೆಲವರು ತಾವು ಹಿಂದೆ ಎಡತಾಕಿದ ಕಾಲೇಜುಗಳಲ್ಲಿ ಹಣ ಕೇಳಿದ್ದರೆಂದು ಹೇಳಿದ್ದಾರೆ. ಕಾಲೇಜಿನ ಸೀಟುಗಳ ಶೇ 7.5ರಷ್ಟು ಹೆಚ್ಚುವರಿ ಸ್ಥಾನ ಮಾತ್ರ ಇವರಿಗೆ ಎಂಬ ಮಿತಿಯಿತ್ತು. 150 ಸೀಟಿನ ಕಾಲೇಜಿಗೆ ಅದು ಹನ್ನೊಂದು ಮಂದಿ. ಸರದಿ ಉದ್ದವಿದ್ದಲ್ಲಿ ಹಣ ಕೇಳುವವರು ಹುಟ್ಟಿಕೊಳ್ಳುತ್ತಾರೆ. ರಾಜ್ಯ ಸರ್ಕಾರವು ಜಿಲ್ಲಾ ಆಸ್ಪತ್ರೆಗಳ ಸಾಮರ್ಥ್ಯ ನೋಡಿ ಈ ಹಂಚಿಕೆಯನ್ನು ಬಹಿರಂಗವಾಗಿ, ಕೌನ್ಸೆಲಿಂಗ್ ಮೂಲಕ ನಡೆಸಿದರೆ ಅರ್ಧ ತೊಂದರೆ ನೀಗುತ್ತದೆ.

ಇಲ್ಲಿಯೇ ಎಂಬಿಬಿಎಸ್ ಓದುತ್ತ ಒಂದೆರಡು ತಿಂಗಳು ಅಮೆರಿಕಕ್ಕೋ ಬ್ರಿಟನ್ನಿಗೋ ಹೋಗಿಬರುವುದು ಬೇರೆಯೇ ಸಂಗತಿ. ಅದಕ್ಕೂ ‘ಇಂಟರ್ನ್‌ಶಿಪ್’ ಎಂದೇ ಹೆಸರಿಟ್ಟು ಮಾರುವವರಿದ್ದಾರೆ. ಅಬ್ಸರ್ವರ್‌ಶಿಪ್ ಎಂದರೆ ಕೈಕಟ್ಟಿ ನಿಂತು ನೋಡುವುದು, ರೋಗಿಯನ್ನು ಮುಟ್ಟುವಂತಿಲ್ಲ. ಎಲೆಕ್ಟಿವ್ ಎಂದರೆ ವಿದ್ಯಾರ್ಥಿಯಾಗಿರುವಾಗಲೇ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಪರೀಕ್ಷಿಸುವ ಅವಕಾಶ. ಅದಕ್ಕೆ ಹೊಣೆಗಾರಿಕೆ ವಿಮೆ, ಹೆಪಟೈಟಿಸ್-ಬಿ ಲಸಿಕೆಯ ದಾಖಲೆ, ತಕ್ಕ ವೀಸಾ ಇವನ್ನೆಲ್ಲ ಕೇಳುತ್ತಾರೆ. ಮಧ್ಯವರ್ತಿ ಇವೇನೂ ಬೇಡವೆಂದರೆ ಅವನು ಮಾರುತ್ತಿರುವುದು ಮೊದಲನೆಯದನ್ನೇ ಎಂದು ತಿಳಿಯಬಹುದು.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಮಾರುಕಟ್ಟೆಯ ಅಪಾಯದ ಸಾಲೊಂದು ಕಡ್ಡಾಯವಾಗಿ ಇರುತ್ತದೆ. ಹೊಲ ಅಡವಿಟ್ಟು ಕಳಿಸುವ ಓದಿನ ಜಾಹೀರಾತಿಗೆ ಅಷ್ಟೂ ಇಲ್ಲ. ಕಾನೂನು ಬರುವವರೆಗೆ ಕಾಯದೆ, ವಿದೇಶಿ ವೈದ್ಯಕೀಯ ಶಿಕ್ಷಣದ ಜಾಹೀರಾತು ಸ್ವೀಕರಿಸುವಾಗ ಕೋರ್ಸ್ ಎಷ್ಟು ತಿಂಗಳದ್ದು, ಇಂಟರ್ನ್‌ಶಿಪ್ ಅದೇ ಸಂಸ್ಥೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಆ ದೇಶದಲ್ಲಿ ವೃತ್ತಿ ನಡೆಸುವ ಅರ್ಹತೆ ಸಿಗುತ್ತದೆಯೇ, ಅಲ್ಲಿನ ರೋಗಿಗಳ ಭಾಷೆ ಯಾವುದು ಮತ್ತು ಅದನ್ನು ಎಷ್ಟು ವರ್ಷ ಕಲಿಸುತ್ತಾರೆ ಎಂಬಿಷ್ಟನ್ನು ಜಾಹೀರಾತುದಾರರಿಂದ ಬರೆಸಿ, ಉಳಿದ ಅಕ್ಷರಗಳಷ್ಟೇ ದಪ್ಪಗೆ ಮುದ್ರಿಸಬೇಕು. ಇದರಿಂದ ನಿಮಗೆ ಕೆಲವು ಜಾಹೀರಾತುಗಳು ತಪ್ಪಬಹುದು ಎಂಬುದನ್ನು ಬಲ್ಲೆ.

ಹೋದ ವಾರ ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಚಾಲಕರು ಮಗಳಿಗೆಂದು ಇಂಥದೇ ಒಂದು ಜಾಹೀರಾತನ್ನು ತಂದು ತೋರಿಸಿದರು. ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಅದರಲ್ಲಿದ್ದ ಸಂಖ್ಯೆಗೆ ಕರೆ ಮಾಡಿ ಕೇಳಲು ಹೇಳಿದೆ. ಶುಲ್ಕ ಮತ್ತು ಊಟದ ಬಗ್ಗೆ ಅರ್ಧ ಗಂಟೆ ಮಾತನಾಡಿದ ಆ ಕಚೇರಿಯವರು, ಇಂಟರ್ನ್‌ಶಿಪ್ ವಿಷಯ ಬಂದಾಗ, ‘ಅದೆಲ್ಲ ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ’ ಎಂದರಂತೆ. ಚೀಟಿ ಇನ್ನೂ ಅವರ ಜೇಬಿನಲ್ಲಿದೆ. ಬೇರೆ ಎರಡು ಕಚೇರಿಗಳಿಗೆ ಕರೆ ಮಾಡುವುದು ಬಾಕಿ ಇದೆ.

ಇಂತಿ,
ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯೆ, ಹಾವೇರಿ ಜಿಲ್ಲೆ
(ಸರ್ಕಾರಿ ಸೇವೆಯಲ್ಲಿರುವುದರಿಂದ ಹೆಸರು ಪ್ರಕಟಿಸಬಾರದೆಂದು ಕೋರುತ್ತೇನೆ.)